ತೂಗಿ ನೋಡಿ ಫೋಮ್ ಬೋರ್ಡ್ ಕೊಳ್ಳಿ

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಒಂದು ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತು, "ಅಪ್ಪಾ, ನಾನೇ ಒಂದು ವಿಮಾನ ಕಟ್ಟುತ್ತೇನೆ, ರಿಮೋಟಿನಲ್ಲಿ ಹಾರಿಸುತ್ತೇನೆ" ಎಂದರೆ ದಯವಿಟ್ಟು ನಗಬೇಡಿ. ಮುಂಬಯಿಯ ಒಂದೂವರೆ ಕೋಣೆಯ ಮನೆಯಲ್ಲಿ ವಿಮಾನದ ಕಾರ್ಖಾನೆಯೇ ಎಂದು ಬೆಚ್ಚಿಬೀಳಲೂ ಬೇಡಿ. ತುದಿಯಿಂದ ತುದಿಗೆ ಒಂದು ಮೀಟರ್ ರೆಕ್ಕೆಯ, ನಿಜವಾಗಿಯೂ ಏರುವ, ತಿರುಗುವ, ಇಳಿಯುವ ವಿಮಾನವನ್ನು ಊಟದ ಮೇಜಿನ ಮೇಲೆಯೇ ಕಟ್ಟಬಹುದು. ಒಂದು ಕಟರ್, ಒಂದು ಸ್ಟೀಲ್ ಸ್ಕೇಲು, ಬಿಸಿ ಅಂಟಿನ ಒಂದು ಗನ್, ನಾಲ್ಕು ಭಾನುವಾರ ಇದ್ದರೆ ಸಾಕು. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗೇನು ಕಡಿಮೆಯೇ! ಅವರಲ್ಲಿ ಕೆಲವರಿಗಾದರೂ ಈ ಹುಚ್ಚು ಹಿಡಿದಿರುತ್ತದೆ. ಹಿಡಿದರೆ ಒಳ್ಳೆಯದೇ.

ಆದರೆ ಹೀಗೆ ಹೊರಟವರಲ್ಲಿ ಹಲವರು ಮೊದಲ ಹಾರಾಟದಲ್ಲೇ ಕೈಚೆಲ್ಲುತ್ತಾರೆ. ಮೋಟಾರು ಸರಿಯಿರುತ್ತದೆ, ನಕ್ಷೆ ಸರಿಯಿರುತ್ತದೆ, ಕತ್ತರಿಸಿದ ಕೈಯೂ ಸರಿಯಿರುತ್ತದೆ. ಮೈದಾನಕ್ಕೆ ಒಯ್ದು ಎಸೆದರೆ ಮಾತ್ರ ವಿಮಾನ ಕಲ್ಲಿನಂತೆ ನೆಲಕ್ಕೆ ಬೀಳುತ್ತದೆ. "ಇದು ನನ್ನ ಕೈಲಾಗುವ ಕೆಲಸವಲ್ಲ" ಎಂದು ಹುಡುಗ ಅದನ್ನು ಮಂಚದ ಕೆಳಗೆ ತಳ್ಳುತ್ತಾನೆ. ಅಲ್ಲಿಗೆ ಒಂದು ಆಸೆಯ ಕಥೆ ಮುಗಿಯಿತು. ತಪ್ಪು ಎಲ್ಲಿತ್ತೆಂದು ಹುಡುಕುತ್ತ ಹೋದರೆ ಅನೇಕ ಬಾರಿ ಅದು ಸಿಗುವುದು ಅಂಗಡಿಯಿಂದ ತಂದ ಹಾಳೆಯಲ್ಲಿ. ಆದ್ದರಿಂದ ಈ ಬಾರಿ ಹಾರಾಟದ ವಿಷಯ ಬದಿಗಿಟ್ಟು, ಬರೀ ಆ ಹಾಳೆಯ ವಿಷಯವನ್ನೇ ಮಾತಾಡೋಣ.

ಮೊದಲು ಸ್ವಲ್ಪ ಹಿನ್ನೆಲೆ. ಹಿಂದೆ ಮಾದರಿ ವಿಮಾನ ಎಂದರೆ ಬಾಲ್ಸಾ ಮರ. ಎನ್‌ಸಿಸಿಯ ವಾಯುದಳ ವಿಭಾಗದಲ್ಲಿದ್ದ ಹಿರಿಯರಿಗೆ ಇದು ಗೊತ್ತೇ ಇದೆ. ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬರುವ ಈ ಮರ ಹಗುರ, ಗಟ್ಟಿ, ದುಬಾರಿ. ಒಂದು ರೆಕ್ಕೆ ಕಟ್ಟಲು ವಾರಗಟ್ಟಲೆ ಬೇಕು, ಮುರಿಯಲು ಒಂದು ಕ್ಷಣ ಸಾಕು. ಆಮೇಲೆ ಯೂರೋಪಿನವರು ಡೆಪ್ರಾನ್ ಎಂಬ ಹಾಳೆಯನ್ನು ಕಂಡುಕೊಂಡರು. ಅದು ವಿಮಾನಕ್ಕಾಗಿ ಹುಟ್ಟಿದ್ದೇ ಅಲ್ಲ. ಚಳಿಯ ದೇಶದ ಮನೆಗಳಲ್ಲಿ ಗೋಡೆಯ ಕಾಗದದ ಹಿಂದೆ, ಮರದ ನೆಲದ ಕೆಳಗೆ ಶಾಖ ಉಳಿಯಲೆಂದು ಹಾಸುವ 3 ಮಿಲಿಮೀಟರ್, 6 ಮಿಲಿಮೀಟರ್ ದಪ್ಪದ ಪಾಲಿಸ್ಟೈರೀನ್ ಹಾಳೆ ಅದು. ಹಗುರವಾಗಿದೆ, ನೆಟ್ಟಗಿದೆ, ಚಾಕುವಿಗೆ ಬಗ್ಗುತ್ತದೆ ಎಂದು ಹವ್ಯಾಸಿಗಳು ಅದನ್ನು ಎತ್ತಿಕೊಂಡರು.

ಮುಂದಿನ ಹೆಜ್ಜೆ ಇಟ್ಟವರು ಅಮೆರಿಕದವರು. ಅಲ್ಲಿ ಡಾಲರ್ ಟ್ರೀ ಎಂಬ ಅಂಗಡಿ ಸರಣಿಯಲ್ಲಿ ಶಾಲಾ ಮಕ್ಕಳ ಪ್ರಾಜೆಕ್ಟಿಗೆಂದು, ಎರಡೂ ಮೈಗೆ ಕಾಗದ ಅಂಟಿಸಿದ ಫೋಮ್ ಬೋರ್ಡ್ ಮಾರುತ್ತಾರೆ. ಅಳತೆ 20 ಇಂಚು, 30 ಇಂಚು. ದಪ್ಪ ಸುಮಾರು 5 ಮಿಲಿಮೀಟರ್. 2021ರವರೆಗೂ ಅದರ ಬೆಲೆ ಒಂದೇ ಡಾಲರ್ ಇತ್ತು, ಆಮೇಲೆ ಒಂದೂಕಾಲು ಆಯಿತು. ಓಹಾಯೋ ರಾಜ್ಯದಲ್ಲಿ 2010ರಲ್ಲಿ ಆರಂಭವಾದ ಫ್ಲೈಟ್ ಟೆಸ್ಟ್ ಎಂಬ ತಂಡ ಈ ಬೋರ್ಡಿಗೆಂದೇ ನಕ್ಷೆಗಳನ್ನು ರಚಿಸಿ ಜಗತ್ತಿಗೆ ಉಚಿತವಾಗಿ ಹಂಚಿತು. ಇಂದು ನಿಮ್ಮ ಮಗ ಫೋನಿನಲ್ಲಿ ನೋಡುತ್ತಿರುವುದು ಬಹುಶಃ ಆ ನಕ್ಷೆಗಳನ್ನೇ.

ತೊಡಕು ಹುಟ್ಟುವುದು ಇಲ್ಲಿಯೇ. ಆ ನಕ್ಷೆ ಬರೆದವರ ಮನಸ್ಸಿನಲ್ಲಿದ್ದುದು ಸುಮಾರು 115 ಗ್ರಾಂ ತೂಗುವ ಹಾಳೆ. ನಮ್ಮ ಹುಡುಗ ಅದೇ ನಕ್ಷೆ ಹಿಡಿದು ಮುಂಬಯಿಯ ಅಂಗಡಿಗೆ ಹೋಗಿ "ಫೋಮ್ ಬೋರ್ಡ್ ಕೊಡಿ" ಎನ್ನುತ್ತಾನೆ. ಅಂಗಡಿಯವನು ತನಗೆ ತಿಳಿದದ್ದನ್ನು ಕೊಡುತ್ತಾನೆ. ಅವನದೂ ತಪ್ಪಿಲ್ಲ. ನಮ್ಮ ಪೇಟೆಯಲ್ಲಿ ಈ ಒಂದು ಹೆಸರಿನ ನೆರಳಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ವಸ್ತುಗಳಿವೆ.

ಮೊದಲನೆಯದು ಸನ್‌ಬೋರ್ಡ್. ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಗಳಲ್ಲಿ, ನಾಮಫಲಕ ಮಾಡುವವರಲ್ಲಿ ಸಿಗುವುದು ಇದೇ. ನಮ್ಮ ವಾರ್ಷಿಕೋತ್ಸವದ ವೇದಿಕೆಯಲ್ಲಿ ಅತಿಥಿಗಳ ಭಾವಚಿತ್ರ ಅಂಟಿಸಿ ನಿಲ್ಲಿಸುತ್ತೇವಲ್ಲ, ಅದರ ಹಿಂದಿನ ಹಲಗೆ. ನೋಡಲು ಬೆಳ್ಳಗೆ, ನುಣ್ಣಗೆ, ಅಂದವಾಗಿದೆ. ಇದನ್ನು ಪಿವಿಸಿ ಫೋಮ್ ಎನ್ನುತ್ತಾರೆ. ಹೆಸರಿನಲ್ಲಿ ಫೋಮ್ ಇದ್ದರೂ ತೂಕದಲ್ಲಿ ಮರದ ಹತ್ತಿರ: ನೀರಿನ ತೂಕದ ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು. 20 ಇಂಚು, 30 ಇಂಚಿನ 5 ಮಿಲಿಮೀಟರ್ ಹಾಳೆ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಅಮೆರಿಕದ ಹಾಳೆಯ ಎಂಟೊಂಬತ್ತು ಪಟ್ಟು! 3 ಮಿಲಿಮೀಟರಿನದು ತಂದರೂ ಅರ್ಧ ಕಿಲೋ ದಾಟುತ್ತದೆ. ವಿಮಾನಕ್ಕೆ ಇದು ಬೇಡವೇ ಬೇಡ. ಮೋಟಾರು ಕೂರಿಸಲು ಅಂಗೈಯಗಲದ ಒಂದು ತುಂಡು ಬೇಕಾದರೆ ಇಟ್ಟುಕೊಳ್ಳಿ.

ಎರಡನೆಯದು ಸನ್‌ಪ್ಯಾಕ್ ಎಂದು ಕರೆಯುವ, ಒಳಗೆ ಕೊಳವೆಗಳಂತೆ ಟೊಳ್ಳು ಇರುವ ಪಾಲಿಪ್ರೊಪಿಲೀನ್ ಹಾಳೆ. ಚುನಾವಣೆಯ ಕಾಲದಲ್ಲಿ ಕಂಬಕಂಬಕ್ಕೆ ನೇತಾಡುತ್ತದೆ. ಇದರಿಂದಲೂ ವಿಮಾನ ಕಟ್ಟಿದವರಿದ್ದಾರೆ. ಬಿದ್ದರೆ ಮುರಿಯುವುದಿಲ್ಲ, ಮಳೆಗೆ ಹೆದರುವುದಿಲ್ಲ. ಆದರೆ 4 ಮಿಲಿಮೀಟರಿನ ಹಾಳೆ ಫೋಮ್ ಬೋರ್ಡಿನ ಎರಡೂವರೆ ಪಟ್ಟು ತೂಗಬಹುದು. ಅದಕ್ಕೆ ಬೇರೆಯೇ ನಕ್ಷೆ, ಬೇರೆಯೇ ಮೋಟಾರು ಬೇಕು. ಕಲಿಯುವವರಿಗೆ ಹೇಳಿಸಿದ್ದಲ್ಲ.

ಮೂರನೆಯದು ನಮಗೆ ಬೇಕಾದದ್ದು: ಎರಡು ಕಾಗದಗಳ ನಡುವೆ ಪಾಲಿಸ್ಟೈರೀನ್ ತಿರುಳಿರುವ ಹಾಳೆ. ಇದನ್ನು ಕೊಳ್ಳುವವರು ವಾಸ್ತುಶಿಲ್ಪದ ವಿದ್ಯಾರ್ಥಿಗಳು; ಕಟ್ಟಡಗಳ ಮಾದರಿ ಮಾಡಲು. ಆದ್ದರಿಂದ ಆರ್ಕಿಟೆಕ್ಚರ್ ಕಾಲೇಜು ಎಲ್ಲಿದೆಯೋ ಅದರ ಸುತ್ತಲಿನ ಕಲಾಸಾಮಗ್ರಿಯ ಅಂಗಡಿಗಳಲ್ಲಿ ಹುಡುಕಿ. ಮುಂಬಯಿಯಲ್ಲಾದರೆ ಜೆ.ಜೆ. ಕಾಲೇಜಿನ ಆಸುಪಾಸು, ಸಗಟು ಬೇಕಾದರೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟು. ಪುಣೆ, ಹೈದರಾಬಾದು, ಚೆನ್ನೈಯಲ್ಲಿರುವ ಬಂಧುಗಳಿಗೂ ಇದೇ ಗುರುತು. ಫ್ಲೆಕ್ಸ್ ಅಂಗಡಿಯ ಮೆಟ್ಟಿಲು ಹತ್ತಬೇಡಿ, ಕಾಲೇಜಿನ ಹುಡುಗರು ಎಲ್ಲಿ ಕೊಳ್ಳುತ್ತಾರೆಂದು ಕೇಳಿ.

ನಾಲ್ಕನೆಯದು ನಮ್ಮ ಹಳೆಯ ಗೆಳೆಯ ಥರ್ಮೋಕೋಲ್. ಅದರ ಕಥೆ ಸ್ವಲ್ಪ ಉದ್ದ, ಆಮೇಲೆ ಹೇಳುತ್ತೇನೆ.

ತೂಕ ತೂಕ ಎಂದು ಏಕೆ ಇಷ್ಟು ಬಡಿದುಕೊಳ್ಳುತ್ತಿದ್ದೇನೆ ಎಂದು ನೀವು ಕೇಳಬಹುದು. ಒಂದು ಚಿಕ್ಕ ಲೆಕ್ಕ ಮಾಡೋಣ. ಕಲಿಯುವವರ ಒಂದು ವಿಮಾನದಲ್ಲಿ, ಕತ್ತರಿಸಿ ಉಳಿದ ಚೂರು ಬಿಟ್ಟರೆ, ಹಗುರ ಬೋರ್ಡು ಸುಮಾರು 200 ಗ್ರಾಂ ಸೇರುತ್ತದೆ ಎಂದಿಟ್ಟುಕೊಳ್ಳಿ. ಮೋಟಾರು, ಅದರ ವೇಗ ನಿಯಂತ್ರಕ, ನಾಲ್ಕು ಪುಟಾಣಿ ಸರ್ವೋ, ರಿಸೀವರು, ಬ್ಯಾಟರಿ, ತಂತಿ, ಅಂಟು ಎಲ್ಲ ಸೇರಿ 300 ಗ್ರಾಂ. ಒಟ್ಟು ಅರ್ಧ ಕಿಲೋ. ಒಂದು ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ರೆಕ್ಕೆಗೆ ಇದು ಹೂವಿನ ಭಾರ. ಓಡಿ ಹೋಗಿ ಎಸೆಯಬೇಕಾಗಿಲ್ಲ, ನಿಂತಲ್ಲಿಂದ ಮೆಲ್ಲನೆ ದೂಡಿದರೆ ಸಾಕು.

ಈಗ ಅದೇ ವಿಮಾನವನ್ನು 5 ಮಿಲಿಮೀಟರಿನ ಸನ್‌ಬೋರ್ಡಿನಲ್ಲಿ ಕಟ್ಟಿ ನೋಡಿ. 200 ಗ್ರಾಂ ಇದ್ದದ್ದು 1700 ಗ್ರಾಂ ಆಗುತ್ತದೆ. ಒಟ್ಟು ಎರಡು ಕಿಲೋ. ತೂಕ ನಾಲ್ಕು ಪಟ್ಟಾದರೆ, ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಎರಡು ಪಟ್ಟಾಗುತ್ತದೆ. ಇದು ವಾಯುವಿಜ್ಞಾನದ ಸರಳ ನಿಯಮ: ವೇಗ ಬೆಳೆಯುವುದು ತೂಕದ ವರ್ಗಮೂಲದಂತೆ. ಕೈಯಿಂದ ಎಸೆದು ಅಷ್ಟು ವೇಗ ಕೊಡಲಾಗದು, ಮುಕ್ಕಾಲು ಕಿಲೋದಷ್ಟು ಎಳೆಯುವ ನಮ್ಮ ಪುಟ್ಟ ಮೋಟಾರಿಗೂ ಆಗದು. ಅಷ್ಟೇ ಆಗಿದ್ದರೆ ಹಾರಲಿಲ್ಲ ಎಂದು ಸುಮ್ಮನಾಗಬಹುದಿತ್ತು. ಹಟ ಹಿಡಿದು ದೊಡ್ಡ ಮೋಟಾರು ಹಾಕಿ ಹಾರಿಸಿದರೆ? ನಾಲ್ಕು ಪಟ್ಟು ತೂಕ, ಎರಡು ಪಟ್ಟು ವೇಗ. ಬಿದ್ದಾಗ ಅದರ ಪೆಟ್ಟಿನ ಶಕ್ತಿ 16 ಪಟ್ಟು. ಅರ್ಧ ಕಿಲೋದ ಫೋಮ್ ವಿಮಾನ ಯಾರದಾದರೂ ಭುಜಕ್ಕೆ ತಾಗಿದರೆ ಮೂಗು ಜಜ್ಜಿಕೊಳ್ಳುವುದು ವಿಮಾನವೇ. ಎರಡು ಕಿಲೋದ್ದು ತಾಗಿದರೆ ಆಸ್ಪತ್ರೆಗೆ ಹೋಗಬೇಕಾದೀತು. ಮೈದಾನದಲ್ಲಿ ಬೇರೆಯವರ ಮಕ್ಕಳೂ ಆಡುತ್ತಿರುತ್ತಾರೆ ಎಂಬುದನ್ನು ಮರೆಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಮಾಧಾನದ ಮಾತಿದೆ. ನಮ್ಮಲ್ಲಿ ಸಿಗುವ ಕಾಗದದ ಫೋಮ್ ಬೋರ್ಡು ಅಮೆರಿಕದ್ದಕ್ಕಿಂತ ಎರಡು ಪಟ್ಟು ಭಾರವಿದ್ದರೂ ಕೆಲಸ ಕೆಡುವುದಿಲ್ಲ. ಅರ್ಧ ಕಿಲೋದ ವಿಮಾನ 700 ಗ್ರಾಂ ಆಗುತ್ತದೆ, ಬೇಕಾದ ವೇಗ ಶೇಕಡಾ 18ರಷ್ಟು ಹೆಚ್ಚುತ್ತದೆ. ಸ್ವಲ್ಪ ಚುರುಕಾಗಿ ಹಾರಿಸಬೇಕು, ಅಷ್ಟೆ. ಆದ್ದರಿಂದ ಅಮೆರಿಕದಲ್ಲಿರುವ ಮಗಳಿಗೆ ಫೋನ್ ಮಾಡಿ, ಬರುವಾಗ ಹತ್ತು ಹಾಳೆ ತಾ ಎಂದು ಪೀಡಿಸಬೇಡಿ. 30 ಇಂಚಿನ ಹಾಳೆ ಯಾವ ಸೂಟ್‌ಕೇಸಿನಲ್ಲೂ ಹಿಡಿಯುವುದಿಲ್ಲ, ಮಡಿಸಿದರೆ ಅದು ಫೋಮ್ ಬೋರ್ಡಾಗಿ ಉಳಿಯುವುದೂ ಇಲ್ಲ.

ಹಾಗಾದರೆ ಅಂಗಡಿಯಲ್ಲಿ ಮಾಡಬೇಕಾದದ್ದೇನು? ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ನಮ್ಮಲ್ಲಿ ಈ ಹಾಳೆ ಸಾಮಾನ್ಯವಾಗಿ ಎ1 ಅಥವಾ ಎ2 ಅಳತೆಯಲ್ಲಿ ಸಿಗುತ್ತದೆ. ಎ1 ಎಂದರೆ ಸರಿಯಾಗಿ ಅರ್ಧ ಚದರ ಮೀಟರು, ಎ2 ಕಾಲು ಚದರ ಮೀಟರು. ಲೆಕ್ಕಕ್ಕೆ ಬಹಳ ಅನುಕೂಲ. ಅಮೆರಿಕದ ಹಾಳೆಗೆ ಸಮನಾದದ್ದು ಎ1 ಅಳತೆಯಲ್ಲಿ ಸುಮಾರು 150 ಗ್ರಾಂ ತೂಗಬೇಕು. 200ರೊಳಗಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. 300ರವರೆಗೂ ನಡೆಯುತ್ತದೆ. 350 ದಾಟಿದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯಿರಿ. ಇದು ನನ್ನ ಅಳತೆಗೋಲು. ಅನುಭವಿಗಳು ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ ಹೇಳಿಯಾರು.

ತೂಕದ ನಂತರ ಕಾಗದ ನೋಡಿ. ಈ ಹಾಳೆಯ ಗಟ್ಟಿತನವೆಲ್ಲ ಇರುವುದು ಆ ತೆಳು ಕಾಗದದಲ್ಲಿ. ಒಂದು ಮೈ ಎಳೆತ ತಾಳುತ್ತದೆ, ಇನ್ನೊಂದು ಒತ್ತಡ ತಾಳುತ್ತದೆ, ನಡುವಿನ ತಿರುಳು ಅವೆರಡನ್ನೂ ದೂರ ಹಿಡಿದು ನಿಲ್ಲಿಸುತ್ತದೆ. ದೊಡ್ಡ ವಿಮಾನಗಳ ಜೇನುಗೂಡಿನಂಥ ಹಲಗೆಗಳಲ್ಲಿ ಇರುವುದೂ ಇದೇ ತತ್ತ್ವ. ಅಂಗಡಿಯವನಿಂದ ಒಂದು ತುಂಡು ಬೇಡಿ, ಮೂಲೆಯ ಕಾಗದವನ್ನು ಉಗುರಿನಿಂದ ಎತ್ತಿ ಎಳೆಯಿರಿ. ನೀಟಾಗಿ ಸುಲಿದು ಬಂದರೆ ಒಳ್ಳೆಯದು: ರೆಕ್ಕೆಯ ಮುಂಭಾಗವನ್ನು ದುಂಡಗೆ ಬಗ್ಗಿಸಬೇಕಾದಲ್ಲಿ ಒಳಗಿನ ಕಾಗದ ಸುಲಿದು ಹಾಕಬಹುದು, ತೂಕವೂ ಇಳಿಯುತ್ತದೆ. ಆಮೇಲೆ ಒಂದು ಮೈಯ ಕಾಗದ, ತಿರುಳು ಎರಡನ್ನೂ ಕತ್ತರಿಸಿ, ಇನ್ನೊಂದು ಮೈಯ ಕಾಗದ ಉಳಿಸಿ, ಬಾಗಿಲಿನಂತೆ ಇಪ್ಪತ್ತು ಮೂವತ್ತು ಬಾರಿ ಆಡಿಸಿ. ಬಾಲದ ಚುಕ್ಕಾಣಿಗಳಿಗೆ ಈ ಕಾಗದವೇ ಕೀಲು. ಹರಿದರೆ ಆ ಬೋರ್ಡಿನಲ್ಲಿ ಎಲ್ಲ ಕೀಲುಗಳಿಗೂ ಟೇಪ್ ಹಚ್ಚಬೇಕಾಗುತ್ತದೆ. ಕೊನೆಗೆ ತಿರುಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದಲ್ಲಿ ಸ್ವಲ್ಪ ತಗ್ಗಿ ಮರಳಿ ಏಳಬೇಕು, ಪುಡಿಯಾಗಿ ಉದುರಬಾರದು.

ಹಿಡಿಸಿದ ಹಾಳೆ ಸಿಕ್ಕಿತೋ, ಒಂದೇ ಕಟ್ಟಿನಿಂದ ನಾಲ್ಕೈದು ಕೊಂಡುಬಿಡಿ. ಮುಂದಿನ ತಿಂಗಳು ಅದೇ ಅಂಗಡಿಯಲ್ಲಿ ಅದೇ ಬೆಲೆಗೆ ಬೇರೆ ಕಾರ್ಖಾನೆಯ ಮಾಲು ಇರಬಹುದು. ಮೋಟಾರು, ರೇಡಿಯೋ, ಬ್ಯಾಟರಿಗೆಂದು ನೀವು ಹಲವು ಸಾವಿರ ರೂಪಾಯಿ ಸುರಿದಿರುತ್ತೀರಿ. ಅವು ಜೋಪಾನ ಮಾಡಿದರೆ ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗುತ್ತವೆ. ಫೋಮ್ ಮಾತ್ರ ಮುರಿಯಲೆಂದೇ ಇರುವುದು. ಕಲಿಯುವ ಮಗು ಮೂರು ದೇಹವಾದರೂ ಮುರಿಯದೆ ಕಲಿಯುವುದಿಲ್ಲ, ಅದಕ್ಕೆ ಗದರಬೇಡಿ.

ಈಗ ಥರ್ಮೋಕೋಲ್. ಮುಂಬಯಿಯಲ್ಲಿ ಹುಟ್ಟಿ ಬೆಳೆದವರಿಗೆ ಥರ್ಮೋಕೋಲ್ ಎಂದರೆ ಗಣಪತಿಯ ಮಖರ. ಚೌತಿಗೆ ಮೊದಲು ದಾದರಿನ ಬೀದಿಗಳೆಲ್ಲ ಬೆಳ್ಳನೆಯ ಮಂಟಪಗಳಿಂದ ತುಂಬಿರುತ್ತಿದ್ದವು. 2018ರಲ್ಲಿ ಮಹಾರಾಷ್ಟ್ರ ಸರಕಾರ ಥರ್ಮೋಕೋಲಿನ ಅಲಂಕಾರಕ್ಕೆ ನಿಷೇಧ ಹಾಕಿತು, 2022ರ ಜುಲೈ 1ರಿಂದ ಇಡೀ ದೇಶದಲ್ಲೇ ಅಲಂಕಾರದ ಥರ್ಮೋಕೋಲು ನಿಷಿದ್ಧವಾಯಿತು. ಮಾಡಿದ್ದು ಸರಿಯೇ. ಸಮುದ್ರಕ್ಕೆ ಸೇರಿದ ಆ ಮಣಿಗಳು ಎಂದಿಗೂ ಕರಗುವುದಿಲ್ಲ. ಆದರೆ ಫ್ರಿಜ್ಜು, ಟಿವಿಗಳ ಪೆಟ್ಟಿಗೆಯೊಳಗೆ ಬಂದ ಥರ್ಮೋಕೋಲು ಹೇಗೂ ಕಸದ ಬುಟ್ಟಿ ಸೇರುವಂಥದು. ಅದನ್ನು ವಿಮಾನ ಮಾಡಿದರೆ ಕಸ ಸ್ವಲ್ಪವಾದರೂ ತಡೆದಂತೆ.

ತೂಕದಲ್ಲಿ ಅದಕ್ಕೆ ಸಾಟಿಯಿಲ್ಲ. 6 ಮಿಲಿಮೀಟರ್ ದಪ್ಪಕ್ಕೆ ಸೀಳಿದರೆ 20 ಇಂಚು, 30 ಇಂಚಿನ ಹಾಳೆ 40 ಗ್ರಾಮಿನ ಆಸುಪಾಸು. ಆದರೆ ಒಂದಕ್ಕೊಂದು ಅಂಟಿದ ಮಣಿಗಳ ಗುಂಪು ಅದು, ಬಗ್ಗಿಸಿದರೆ ಮಣಿಗಳ ನಡುವೆಯೇ ಬಿರಿಯುತ್ತದೆ. ಎರಡೂ ಮೈಗೆ ಕಂದು ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಿಂದ ಅಂಟಿಸಿ, ಭಾರ ಹೇರಿ ಒಂದು ದಿನ ಒಣಗಿಸಿದರೆ ಅದೇ ನಿಮ್ಮ ಮನೆಯ ಫೋಮ್ ಬೋರ್ಡು. ಎರಡೂ ಮೈಗೆ ಒಟ್ಟಿಗೇ ಅಂಟಿಸಬೇಕು. ಒಂದೇ ಮೈಗೆ ಅಂಟಿಸಿದರೆ ಒಣಗುವಾಗ ಹಪ್ಪಳದಂತೆ ಮುದುರುತ್ತದೆ.

ದಪ್ಪ ಥರ್ಮೋಕೋಲನ್ನು ಸೀಳಲು ಬಿಸಿ ತಂತಿಯ ಕಟರು ಬೇಕು. ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಎರಡು ಬಾರಿ ಓದಿ. ಥರ್ಮೋಕೋಲನ್ನು ಬಿಸಿ ತಂತಿಯಿಂದ ಕತ್ತರಿಸುವಾಗ ಬರುವ ಹೊಗೆಯೂ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ, ಫ್ಯಾನು ಹೊರಮುಖವಾಗಿರಲಿ. ಆದರೆ ಬಿಳಿಯ ಹಲಗೆ ಎಂದು ತಿಳಿದು ಸನ್‌ಬೋರ್ಡಿಗೆ ಬಿಸಿ ತಂತಿ ಹಚ್ಚಿದರೆ ಪಿವಿಸಿ ಸುಟ್ಟು ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ಅದು ತೇವಕ್ಕೆ ತಾಗಿದರೆ ಆಮ್ಲ. ಕಣ್ಣು, ಗಂಟಲು, ಶ್ವಾಸಕೋಶ ಎಲ್ಲದರಲ್ಲೂ ತೇವವಿದೆ. ಅದನ್ನು ಕಟರಿನಿಂದ ಮಾತ್ರ ಕತ್ತರಿಸಬೇಕು. ಸಂಶಯವಿದ್ದರೆ ಮತ್ತೆ ತಕ್ಕಡಿ: ಅಂಗೈಯಗಲದ ತುಂಡು ಕೈಗೆ ಭಾರವೆನಿಸಿದರೆ ಅದು ಥರ್ಮೋಕೋಲಲ್ಲ.

ಅಂಟಿನಲ್ಲೂ ಮೋಸವಿದೆ. ಫೆವಿಕ್ವಿಕ್ಕು, ಫೆವಿಬಾಂಡು ಪಾಲಿಸ್ಟೈರೀನನ್ನು ತಿಂದುಹಾಕುತ್ತವೆ. ಬಣ್ಣದ ಸ್ಪ್ರೇ ಡಬ್ಬಿಯೂ ಹಾಗೆಯೇ. ಕಣ್ಣೆದುರಿಗೇ ರೆಕ್ಕೆಯಲ್ಲಿ ಗುಂಡಿ ಬೀಳುತ್ತದೆ. ಬಿಸಿ ಅಂಟಿನ ಗನ್ ಒಳ್ಳೆಯದು, ಆದರೆ ಕುದಿಯುವಷ್ಟು ಕಾದಿರಬಾರದು. ಗಟ್ಟಿ ಜಾಗಕ್ಕೆ ಅರಾಲ್ಡೈಟು. ಯಾವುದೇ ಹೊಸ ಅಂಟನ್ನು ಮೊದಲು ಚೂರಿಗೆ ಹಚ್ಚಿ ಹತ್ತು ನಿಮಿಷ ಕಾಯಿರಿ.

ಮಳೆಗಾಲದ ಮಾತು ಹೇಳದಿದ್ದರೆ ಮುಂಬಯಿಯವನೆಂದು ಯಾರೂ ಒಪ್ಪಲಾರರು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿನ ಗಾಳಿಯಲ್ಲಿ ಕಾಗದದ ಬೋರ್ಡು ಉಬ್ಬುತ್ತದೆ. ಗೋಡೆಗೆ ಒರಗಿಸಿ ಇಟ್ಟರೆ ಬಿಲ್ಲಿನಂತೆ ಬಾಗುತ್ತದೆ, ಹಾಗೆ ಬಾಗಿದ ಹಾಳೆಯಿಂದ ನೆಟ್ಟಗಿನ ರೆಕ್ಕೆ ಬರುವುದಿಲ್ಲ. ಹಾಸಿಗೆಯ ಕೆಳಗೆ, ಚಪ್ಪಟೆಯಾಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಿ. ಕಟ್ಟಿದ ಮೇಲೆ ಹೊಟ್ಟೆಯ ಭಾಗಕ್ಕೆ ಪಾರದರ್ಶಕ ಪ್ಯಾಕಿಂಗ್ ಟೇಪು ಹಚ್ಚಿದರೆ ಒದ್ದೆ ಹುಲ್ಲಿನ ಮೇಲೆ ಇಳಿಸಿದರೂ ತಾಳುತ್ತದೆ. ಇಡೀ ವಿಮಾನಕ್ಕೆ ಸುತ್ತಬೇಡಿ, ಟೇಪಿಗೂ ತೂಕವಿದೆ. ಅಂದಹಾಗೆ, ಎ1 ಹಾಳೆ ಹಿಡಿದು ಸಂಜೆ ಆರರ ವಿರಾರ್ ಲೋಕಲ್ ಹತ್ತುವ ಸಾಹಸ ಮಾತ್ರ ಮಾಡಬೇಡಿ. ಮಧ್ಯಾಹ್ನ ಹೋಗಿ ತನ್ನಿ, ಇಲ್ಲವೇ ನಕ್ಷೆ ನೋಡಿಕೊಂಡು ಅಂಗಡಿಯಲ್ಲೇ ಎರಡು ತುಂಡು ಮಾಡಿಸಿ.

ಒಂದು ಸ್ವಾರಸ್ಯದ ಸಂಗತಿ. ಚಪ್ಪಟೆ ಹಾಳೆಯಿಂದ ರೆಕ್ಕೆಗೆ ಆಕಾರ ಕೊಡುವುದು ಹೇಗೆಂದು ತಲೆಕೆಡಿಸಿಕೊಳ್ಳುವವರಿಗೆ ರಿಚರ್ಡ್ ಕ್ಲೈನ್, ಫ್ಲಾಯ್ಡ್ ಫೋಗಲ್‌ಮನ್ ಎಂಬಿಬ್ಬರು ದಾರಿ ತೋರಿದ್ದಾರೆ. ಕಾಗದದ ವಿಮಾನದಿಂದ ಹೊಳೆದ ಉಪಾಯಕ್ಕೆ ಅವರು 1972ರಲ್ಲಿ ಪೇಟೆಂಟ್ ಪಡೆದರು: ರೆಕ್ಕೆಯಲ್ಲಿ ಮೆಟ್ಟಿಲಿನಂತೆ ಒಂದು ತಗ್ಗು. ದೊಡ್ಡ ವಿಮಾನಗಳಿಗೆ ಅದು ಒದಗಲಿಲ್ಲ. ನಮಗಾದರೋ ಹೇಳಿ ಮಾಡಿಸಿದಂತಿದೆ. ಒಂದು ಹಾಳೆಯ ಮೇಲೆ, ಮುಂಭಾಗದ ಅರ್ಧಕ್ಕೆ ಇನ್ನೊಂದು ಪಟ್ಟಿ ಅಂಟಿಸಿದರೆ ಮುಗಿಯಿತು. ರೆಕ್ಕೆ ಗಟ್ಟಿಯಾಗುತ್ತದೆ, ಬಗ್ಗಿಸುವ ಗೋಜೂ ಇಲ್ಲ.

ಇನ್ನು ಹಾರಿಸುವುದೆಲ್ಲಿ? 2021ರ ಡ್ರೋನ್ ನಿಯಮಗಳಲ್ಲಿ ಇಂಥ ಮಾದರಿ ವಿಮಾನಗಳಿಗೆ, ಅಂದರೆ ಕಲಿಕೆಗೋ ಮನರಂಜನೆಗೋ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ, 25 ಕಿಲೋ ಮೀರದವಕ್ಕೆ, ಟೈಪ್ ಸರ್ಟಿಫಿಕೇಟಿನಿಂದ ವಿನಾಯಿತಿ ಇದೆ. ಆದರೆ ಜಾಗದ ನಿಯಮ ಎಲ್ಲರಿಗೂ ಒಂದೇ. ಹಸಿರು, ಹಳದಿ, ಕೆಂಪು ವಲಯಗಳ ಸರಕಾರಿ ನಕ್ಷೆಯನ್ನು ಮೊದಲು ನೋಡಿ. ಹಸಿರಿನಲ್ಲೂ 400 ಅಡಿಯ ಮಿತಿಯಿದೆ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರಿನ ನಡುವೆ ಅದು 200 ಅಡಿಗೆ ಇಳಿಯುತ್ತದೆ. ಅದಕ್ಕೂ ಹತ್ತಿರವಾದರೆ ಅನುಮತಿಯಿಲ್ಲದೆ ಆಗದು. ಮುಂಬಯಿ ಪೊಲೀಸರು ಆಗಾಗ ಡ್ರೋನು, ರಿಮೋಟ್ ವಿಮಾನಗಳೆಲ್ಲವನ್ನೂ ನಿಷೇಧಿಸಿ ಆದೇಶ ಹೊರಡಿಸುವುದುಂಟು. 2025ರಲ್ಲಿ ನವಿ ಮುಂಬಯಿಯ ನಿಲ್ದಾಣವೂ ಉದ್ಘಾಟನೆಯಾದ್ದರಿಂದ, ಹಿಂದೆ ಆ ಕಡೆಯ ಬಯಲುಗಳಿಗೆ ಹೋಗುತ್ತಿದ್ದವರು ಮತ್ತೊಮ್ಮೆ ನಕ್ಷೆ ತೆರೆಯಬೇಕು. ಬೇಸಿಗೆ ರಜೆಗೆ ಊರಿಗೆ ಹೋಗುವವರಾದರೆ ಅಜ್ಜನ ಮನೆಯ ಕೊಯ್ಲಾದ ಗದ್ದೆಯಷ್ಟು ಒಳ್ಳೆಯ ನೆಲ ಬೇರೆಲ್ಲೂ ಸಿಗದು. ಮಂಗಳೂರು ನಿಲ್ದಾಣದ ಹತ್ತಿರದ ಊರಾದರೆ ಅಲ್ಲಿಯೂ ನಕ್ಷೆ ನೋಡಿಯೇ ಹಾರಿಸಿ.

ಮೋಟಾರು, ಬ್ಯಾಟರಿ ಕೊಳ್ಳಲು ಲ್ಯಾಮಿಂಗ್ಟನ್ ರೋಡಿಗೆ ಓಡುವ ಮೊದಲು ಕೊನೆಯ ಒಂದು ಕೆಲಸವಿದೆ. ತಂದ ಹಾಳೆಯಲ್ಲಿ ಒಂದರ ಅರ್ಧದಿಂದ ಕೈಯಿಂದ ಎಸೆಯುವ ಸಾದಾ ಗ್ಲೈಡರು ಕಟ್ಟಿಸಿ: ಎರಡು ಅಡಿ ರೆಕ್ಕೆ, ಹಿಂದೆ ಬಾಲ, ಮೂಗಿಗೆ ಒಂದೆರಡು ನಾಣ್ಯ. ರೆಕ್ಕೆಯ ಅಗಲದ ಮುಂಭಾಗದಿಂದ ನಾಲ್ಕನೇ ಒಂದು ಭಾಗ ಬಿಟ್ಟು ಎರಡು ಬೆರಳಿನ ಮೇಲೆ ನಿಲ್ಲಿಸಿದರೆ ಸಮತೋಲ ಬರಬೇಕು. ಬರುವವರೆಗೆ ನಾಣ್ಯ ಸೇರಿಸಿ. ಬೆಳಿಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ ಮೈದಾನದಲ್ಲಿ ಭುಜದ ಎತ್ತರದಿಂದ, ತುಸು ಕೆಳಮುಖವಾಗಿ, ಮೆಲ್ಲನೆ ಎಸೆಯಲಿ. ಹತ್ತು ಹೆಜ್ಜೆ ದೂರ ನೇರವಾಗಿ ಜಾರಿ ಹೊಟ್ಟೆಯ ಮೇಲೆ ಇಳಿದರೆ ಹಾಳೆ ಸರಿಯಿದೆ, ಕೈಯೂ ಸರಿಯಿದೆ. ಎರಡನೇ ದಿನವೂ ಅವನೇ ಎಬ್ಬಿಸಿ ನಿಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದನೆಂದರೆ ಮೋಟಾರಿನ ಹಣ ತೆಗೆದಿಡಿ.